ಒಂದು ಕಿಲೋ ಖರ್ಜೂರ

2014ರ ಜುಲೈನಲ್ಲಿ ಇರಾಕಿನ ಮೋಸುಲ್‌ನಲ್ಲಿ ಐಸಿಸ್‌ನವರು ಕ್ರೈಸ್ತರ ಮನೆಗಳ ಮೇಲೆ ‘ನೂನ್’ ಅಕ್ಷರ ಬರೆದರು. ನೂನ್ ಅಂದ್ರೆ ನಸ್ರಾನಿ, ಕ್ರೈಸ್ತ. ಮತಾಂತರ ಆಗಿ, ತಲೆಗಂದಾಯ ಕಟ್ಟಿ, ಇಲ್ಲಾ ಊರು ಬಿಡಿ, ಉಳಿದರೆ ಸಾವು. ಆಗಸ್ಟಲ್ಲಿ ಹತ್ತಿರದ ಕರಾಕೋಷ್ ಕೂಡ ಖಾಲಿಯಾಯ್ತು. ಆ ಕ್ರಿಸ್‌ಮಸ್‌ಗೆ ಎಷ್ಟೋ ಕುಟುಂಬಗಳು ಎರ್ಬಿಲ್‌ನ ಅಂಕಾವಾದಲ್ಲಿ, ಟೆಂಟು ಕಂಟೇನರ್‌ಗಳಲ್ಲಿ, ಚರ್ಚಿನವರು ಹಂಚಿದ ಆಹಾರವನ್ನೇ ನಂಬಿಕೊಂಡಿದ್ದವು.

ಅಲ್ಲಿ ಹಬ್ಬ ಅಂದ್ರೆ ಕ್ಲೈಚಾ, ಖರ್ಜೂರದ ಹೂರಣ ತುಂಬಿದ ಬಿಸ್ಕತ್ತು. (ಈದ್‌ಗೆ ಅಲ್ಲಿನ ಮುಸ್ಲಿಮರೂ ಇದನ್ನೇ ಮಾಡ್ತಾರೆ!) ಯುಗಾದಿಗೆ ಮೆಸ್ಸಲ್ಲಿ ಒಬ್ಬಟ್ಟಿಲ್ಲ ಅಂದ್ರೆ ಮುಖ ಊದಿಸ್ಕೊಳ್ಳೋ ನಾವು ಕೇಳೋದಿಷ್ಟೆ: ನೆರವಿನ ಪಟ್ಟಿ ಬರೆಯೋರು ಅಕ್ಕಿ, ಬೇಳೆ, ಎಣ್ಣೆ ಆದ್ಮೇಲೆ ಒಂದು ಕಿಲೋ ಖರ್ಜೂರಾನೂ ಸೇರಿಸಲಿ. ಕ್ಯಾಲೊರಿ ಲೆಕ್ಕದಲ್ಲಿ ಅದು ದುಬಾರಿ ಅನ್ನಿಸಬಹುದು. ಆದ್ರೆ ತಿಂಗಳುಗಟ್ಟಲೆ ಸಾಲಲ್ಲಿ ನಿಂತು ಕೈಚಾಚಿದ ಮನೆಯಾಕೆ ಒಂದಿನವಾದ್ರೂ ಕೊಡೋಳಾಗ್ತಾಳೆ. ತಟ್ಟೆ ಹಿಡ್ಕೊಂಡು ಹೋಗೋಕೆ ಪಕ್ಕದ ಟೆಂಟ್ ಇದ್ದೇ ಇದೆಯಲ್ಲ.