ಏಣಿ ಮುಗಿದ ಮೇಲೆ

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡು ಮುಂದೂಡ್ತಾ ಬಂದ ವಿಷಯ ಇದು.

ಹೋದ ವರ್ಷ ನನ್ನ ನಾಲ್ಕನೇ ಕ್ಲಾಸಿಗೊಬ್ಬ ಹುಡುಗ ಬಂದ. ಮೂರನೇವರೆಗೂ ನಲಿ-ಕಲಿ. ಗೊತ್ತಲ್ಲ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರಿಂದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದದ್ದು. ಅಲ್ಲಿ ಮಗು ಕಾರ್ಡು ಮುಗಿಸ್ತಾ ತನ್ನ ವೇಗದಲ್ಲೇ ಕಲಿಕೆಯ ಏಣಿ ಹತ್ತುತ್ತೆ, ತಟ್ಟೆಯಲ್ಲಿ (ಗುಂಪಿಗೆ ಅಲ್ಲಿ ಹಾಗಂತಾರೆ) ಗೆಳೆಯರನ್ನ ಕೇಳಿ ಕಲಿಯುತ್ತೆ. ನಾಲ್ಕರಲ್ಲಿ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ.

ಇವನಿಗೆ ಪ, ವ, ಷ ಎಲ್ಲ ಒಂದೇ. ಒತ್ತಕ್ಷರ ಬಂದ್ರೆ ನಿಂತೇಬಿಡ್ತಾನೆ. ಬಾಯಿಲೆಕ್ಕ ಮಾತ್ರ ನನಗಿಂತ ಫಾಸ್ಟು! (ಅಪ್ಪನ ಜೊತೆ ಸಂತೇಲಿ ತರಕಾರಿ ಮಾರ್ತಾನೆ.) ನಾನು 'ಸೋಮಾರಿ' ಅಂದೆ, ಹಿಂದಿನ ಸಾಲಿಗೆ ಕಳಿಸಿದೆ. ವರ್ಷಪೂರ್ತಿ.

ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೇ ಇದೆ ಅಂತ ತಿಳಿದದ್ದು ಆಮೇಲೆ, ಒಂದು ತರಬೇತೀಲಿ. ಅವತ್ತು ಮಧ್ಯಾಹ್ನ ಅನ್ನ ಗಂಟಲಲ್ಲಿ ಇಳೀಲಿಲ್ಲ.

ಈಗವನು ಐದನೇ ಕ್ಲಾಸು. ಬೀರುವಿನಿಂದ ಹಳೇ ಕಾರ್ಡು ತೆಗೆದಿದ್ದೀನಿ. ಪಾಠ ಓದಿ ಹೇಳ್ತೀನಿ, ಉತ್ತರ ಬಾಯಲ್ಲೇ ಕೇಳ್ತೀನಿ. ಸರ್ಟಿಫಿಕೇಟ್ ಮಾಡ್ಸಿದ್ರೆ ಮುಂದೆ ಎಸ್ಸೆಸ್ಸೆಲ್ಸಿಗೆ ಅನುಕೂಲ ಅಂದ್ರೆ ಅವರಪ್ಪ, "ನನ್ ಮಗ ಚೆನ್ನಾಗೇ ಅವ್ನಲ್ಲ ಮೇಡಂ, ಅಂಗವಿಕಲ ಅಂತ ಯಾಕ್ ಬರ್ಸ್ಬೇಕು?" ಅಂತಾರೆ.

ಅದಕ್ಕಿಂತ ಕೆಟ್ಟ ಹೆಸರಿಟ್ಟವಳು ನಾನು. ಏನು ಹೇಳ್ಲಿ?