ಮತದಾನವೂ ಒಂದು ಕಾಯಕ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಚುನಾವಣೆಯ ಮಾತು ಬಂದಾಗ ಬೆಲ್ಲದ ಬಾಗೇವಾಡಿಯ ಉಮೇಶ ಕತ್ತಿಯವರನ್ನು ನಾವು ನೆನೆಯದೆ ಇರಲಾರೆವು. ತಂದೆ ವಿಶ್ವನಾಥ ಕತ್ತಿಯವರ ಅಗಲಿಕೆಯಿಂದ ತೆರವಾದ ಹುಕ್ಕೇರಿ ಕ್ಷೇತ್ರದಿಂದ ಅವರು 1985ರ ಉಪಚುನಾವಣೆಯಲ್ಲಿ ವಿಧಾನಸಭೆಗೆ ಆಯ್ಕೆಯಾದರು. 1989, 1994, 1999ರಲ್ಲಿ ಗೆದ್ದು, 2004ರಲ್ಲಿ ಸೋತರು. 2008ರಲ್ಲಿ ಜಾತ್ಯತೀತ ಜನತಾದಳದಿಂದ ಗೆದ್ದು ರಾಜೀನಾಮೆಯಿತ್ತರು. ಅದೇ ವರ್ಷದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಮರಳಿ ಬಂದರು. 2013, 2018ರ ಜಯಗಳೂ ಸೇರಿ ಎಂಟು ಬಾರಿ ಶಾಸಕರು. ಹಲವು ಖಾತೆಗಳ ಸಚಿವರೂ ಆದರು.

ಪಕ್ಷಗಳು ಬದಲಾದವು, ಕ್ಷೇತ್ರ ಬದಲಾಗಲಿಲ್ಲ. ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆಯೆಂದು ಅವರು ಪ್ರತ್ಯೇಕ ರಾಜ್ಯದ ಕೂಗೆತ್ತಿದಾಗ ಒಪ್ಪದವರೂ ಆ ನೋವನ್ನು ಅಲ್ಲಗಳೆಯಲಿಲ್ಲ.

ಆದರೆ ನಾವು ಮರೆಯಬಾರದ್ದು 2004ರ ಸೋಲು. ಮನೆತನವನ್ನು ಬಲ್ಲ ಮತದಾರರೇ ಅಂದು ಬೇಡವೆಂದರು. 2008ರಲ್ಲಿ ಅವರೇ ಮರಳಿ ಕರೆದರು. ಅಧಿಕಾರವು ಯಾರ ಪಿತ್ರಾರ್ಜಿತವೂ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2022ರ ಸೆಪ್ಟೆಂಬರ್ 6ರಂದು ಸಚಿವರಾಗಿದ್ದಾಗಲೇ ಅವರು ಲಿಂಗೈಕ್ಯರಾದರು. 2023ರಲ್ಲಿ ಪುತ್ರ ನಿಖಿಲ ಕತ್ತಿಯವರು ಅದೇ ಕ್ಷೇತ್ರದಿಂದ ಗೆದ್ದರು. ಮೂರು ತಲೆಮಾರಿನ ಈ ನಂಟು ಅಭಿಮಾನದ ಮಾತು ನಿಜ. ಆದರೂ ಶರಣರು ಹುಟ್ಟನ್ನಲ್ಲ, ಕಾಯಕವನ್ನು ಕೇಳಿದರು. ಆಳುವವರಿಗೆ ಅಧಿಕಾರವು ದಾಸೋಹವಾಗಲಿ. ನಮಗೆ ಮತದಾನವು ಕಾಯಕವಾಗಲಿ.