ಬೇಲಿಯ ಕರಂಡೆ, ಸೀಸೆಯ ಕ್ರ್ಯಾನ್‌ಬೆರಿ

ಸುಲ್ತಾನ್ ಬತ್ತೇರಿಯ ನಮ್ಮ ಮನೆಯ ಬೇಲಿಯಲ್ಲಿ ಕರಂಡೆಯ ಮುಳ್ಳುಗಿಡವಿದೆ. ಅದರ ಹುಳಿಗಾಯಿಯನ್ನು ನಮ್ಮ ಮನೆಯವರು ಉಪ್ಪಿನಕಾಯಿಗೆ ಹಾಕುತ್ತಾರೆ. ಪೇಟೆಯಲ್ಲಿ ಅದಕ್ಕೆ ‘ಭಾರತೀಯ ಕ್ರ್ಯಾನ್‌ಬೆರಿ’ ಎಂಬ ಹೆಸರೂ ಉಂಟು. ಆದರೆ ಕರಂಡೆ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜೌಗುನೆಲದ ಬೇರೆಯೇ ಬಳ್ಳಿ. ಹೆಸರು ಕೂಡಿದ ಮಾತ್ರಕ್ಕೆ ಗುಣ ಕೂಡದು.

ಕಳೆದ ವರ್ಷ ಮನೆಯವರಿಗೆ ಉರಿಮೂತ್ರ ಕಾಡಿತು. ಅಮೆರಿಕದಿಂದ ಮಗ ತಂದಿಟ್ಟಿದ್ದ ಕ್ರ್ಯಾನ್‌ಬೆರಿ ರಸವನ್ನೇ ನಂಬಿ ನಾಲ್ಕು ದಿನ ಕಳೆದೆವು. ಐದನೆಯ ದಿನ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು.

ವೈದ್ಯರು ತಿಳಿಯಹೇಳಿದರು: ಆ ಹಣ್ಣಿನ ಪ್ರೊಆಂಥೋಸಯನಿಡಿನ್ ಎಂಬ ಅಂಶವು ಇ. ಕೋಲೈ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟದಂತೆ ತಡೆಯಬಲ್ಲುದು. ಆಗಲೇ ಬೇರೂರಿದ ಸೋಂಕನ್ನು ವಾಸಿಮಾಡಲಾರದು. ವೈದ್ಯಕೀಯ ಪ್ರಯೋಗಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ, ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಅದು ಮರುಕಳಿಕೆಯನ್ನು ತಗ್ಗಿಸಬಲ್ಲುದೆಂದು ಹೇಳಿದೆ. ಆಶ್ರಯಧಾಮಗಳ ವೃದ್ಧರಲ್ಲಿ ಆ ಪ್ರಯೋಜನ ಕಂಡಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಂತೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಮಕ್ಕಳಿಗೆ ಜೀವಮಾನವೆಲ್ಲ ಹೇಳಿದವರು ನಾವು. ಮನೆಯವರ ನೋವನ್ನು ಮಾತ್ರ ಅರ್ಧ ಓದಿ ಉತ್ತರ ಬರೆದೆವು. ಅವರು ಚೇತರಿಸಿಕೊಂಡರು, ಈ ವರ್ಷವೂ ಕರಂಡೆಯ ಉಪ್ಪಿನಕಾಯಿ ಹಾಕಿದ್ದಾರೆ. ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಹಣ್ಣನ್ನು ಹಣ್ಣೆಂದು ಸವಿಯಿರಿ, ಉರಿ ಕಂಡಾಗ ವೈದ್ಯರಲ್ಲಿಗೆ ಹೋಗಲು ತಡಮಾಡದಿರಿ.